ಬೀಸುವುದು

ಕುಕ್ಕರಿನ ಒಂದು ಸೀಟಿಗೆ
ಮಂಚದಡಿ ಸೇರುವ ಹುಡುಗಿ
ಹತ್ತು ಎಚ್‌ಪಿ ಮೋಟಾರಿನ ಮುಂದೆ
ಹಾಯಾಗಿ ಕೂತಿರುತ್ತಾಳೆ
ರಾಗಿ ಮೂಟೆಗೆ ಕೆನ್ನೆ ಒತ್ತಿ.
ಯಾಕೆ ಅಂತ ನನ್ನ ಕೇಳಬೇಡಿ.
ಶ್ರೀನಗರ ಬಸ್‌ಸ್ಟ್ಯಾಂಡಿನ ಹಿಂದೆ
ಇಪ್ಪತ್ತೆರಡು ವರ್ಷದಿಂದ ಗಿರಣಿ ನಡೆಸುತ್ತಿದ್ದೇನೆ,
ಕಲ್ಲಿನ ಸದ್ದು ಕೇಳಿ ಕಾಳಿನ ತೇವ ಹೇಳಬಲ್ಲೆ,
ಇವಳದು ಹೇಳಲಾರೆ.

ಇಂಚರ ಅಂತ ಹೆಸರಿಟ್ಟವನೂ ನಾನೇ.
ಮೂರು ತುಂಬಿದರೂ ಮಾತಿಲ್ಲ.
ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಆಟಿಸಂ ಅಂದರು.
ಆ ಕಾಗದದ ಮೇಲೆ ನನ್ನ ಹೆಬ್ಬೆರಳಿನ ಹಿಟ್ಟು
ಇನ್ನೂ ಹಾಗೇ ಇದೆ.

ಜಯನಗರದಲ್ಲಿ, ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ
ಒಬ್ಬರು ಗೋಧಿ ನಿಲ್ಲಿಸಿ ಅಂದರು, ಹಾಲೂ ನಿಲ್ಲಿಸಿ.
ಏನು ಕೆಲಸ ನಿಮ್ಮದು?
ಹೇಳಿದೆ.
ಪೆನ್ನಿಗೆ ಮುಚ್ಚಳ ಹಾಕಿ ನನ್ನ ರೆಪ್ಪೆ ನೋಡಿದರು.
ಒಂಬತ್ತು ತಿಂಗಳು
ಬಡಾವಣೆಗೆಲ್ಲ ಗೋಧಿ ಬೀಸಿಕೊಟ್ಟು
ಮನೆ ಬಾಗಿಲಲ್ಲಿ ಅಂಗಿ ಕಳಚಿ
ನಲ್ಲಿಯ ಕೆಳಗೆ ತಲೆ ಕೊಟ್ಟು
ಆಮೇಲೆ ಮಗಳನ್ನು ಎತ್ತಿಕೊಂಡೆ.
ಅವಳು ನನ್ನ ಕುತ್ತಿಗೆ ಮೂಸಿ
ಇಳಿದು ಹೋಗುತ್ತಿದ್ದಳು.
ಹಿಟ್ಟಿನ ವಾಸನೆ ಇಲ್ಲದ ಇವನ್ಯಾರೋ.

ಬೆನ್ನುಹುರಿಗೆ ಸೂಜಿ ಅಂದವರೂ ಇದ್ದರು.
ನಾಲ್ಕು ಲಕ್ಷ. ಕಂತಿನಲ್ಲಾದರೂ ಸರಿ.
ಸರ್ವಮಂಗಳ ಬಳೆ ಬಿಚ್ಚಿ
ಅವರ ಮೇಜಿನ ಮೇಲಿಟ್ಟಳು.
ಒಂದೊಂದಾಗಿ ತಿರುಗಿ ತೊಡಿಸಿ ಕರಕೊಂಡು ಬಂದೆ.
ಆವತ್ತಿನ ಒಂದು ಮಾತು
ನಮ್ಮಿಬ್ಬರ ನಡುವೆ ಆಡದೆ ಉಳಿದಿದೆ.
ರಾತ್ರಿ ಪಕ್ಕ ಬದಲಿಸುವಾಗ
ಬಳೆ ಸದ್ದಾಗುತ್ತದೆ.

ಬನಶಂಕರಿಯ ಕೋಣೆಯಲ್ಲಿ ವಾರಕ್ಕೆ ಐದು ದಿನ
ಕಣ್ಣಲ್ಲಿ ಕಣ್ಣಿಟ್ಟರೆ ಒಂದು ಚಾಕಲೇಟ್ ಗುಂಡು.
ಕೈ ಬೀಸಿದರೆ ಹಿಡಿದು ತೊಡೆಗೊತ್ತಿ
'ಕೈ ಸುಮ್ಮನೆ, ಕೈ ಸುಮ್ಮನೆ.'
ಬೀಸುವುದು ನಮ್ಮ ಮನೆಯ ಕಸುಬು ಕಣಮ್ಮ
ಅನ್ನಬೇಕು ಅಂದುಕೊಂಡೆ, ಅನ್ನಲಿಲ್ಲ.
ಫೀಸು ಕಟ್ಟಿದೆ.
ಸುಳ್ಳು ಹೇಳಬಾರದು, ಅದೇ ಕೋಣೆಯಲ್ಲಿ ಕಲಿತಳು
ಬಚ್ಚಲಿಗೆ ಹೋಗಬೇಕಾದಾಗ
ಹಳದಿ ಚೀಟಿ ತಂದು ಕೈಗಿಡುವುದನ್ನು.
ಅದರ ಬೆಲೆ ಬಟ್ಟೆ ಒಗೆದವರಿಗೆ ಗೊತ್ತು.

ಹೋದ ಆಷಾಢದಲ್ಲಿ ಚಾಮರಾಜಪೇಟೆಯಲ್ಲಿ ಸಭೆ.
ದೊಡ್ಡ ಹೆಡ್‌ಫೋನ್ ಹಾಕಿದ ಒಬ್ಬ ಹುಡುಗಿ
ನಮ್ಮನ್ನಲ್ಲ, ಗೋಡೆಯನ್ನು ನೋಡುತ್ತ ಓದಿದಳು:
ನನ್ನನ್ನು ರಿಪೇರಿ ಮಾಡಬೇಡಿ.
ಕೈ ಹಿಡಿದು ಕೂರಿಸಿದ ವರ್ಷಗಳು
ನನಗೆ ಒಂದೊಂದೂ ನೆನಪಿವೆ.
ನಾನು ತಲೆ ತಗ್ಗಿಸಿದೆ.
ಹಿಂದಿನ ಸಾಲಿನಿಂದ ಎದ್ದರು
ಪಾದರಾಯನಪುರದ ಮುಬೀನಾ,
ಹತ್ತೊಂಬತ್ತರ ಮಗ, ಗೋಡೆಗೆ ತಲೆ ಚಚ್ಚಿಕೊಳ್ಳುವವನು.
ಕಚ್ಚಿದ ಗುರುತು ಕಾಣದಂತೆ ತೋಳು ಎಳೆದುಕೊಂಡು
'ನಿನಗೆ ಮಾತಿದೆ ಬೇಟಿ.
ನನ್ನವನಿಗೆ ಏನು ಬೇಡ ಅಂತ
ನಾನು ಯಾರನ್ನು ಕೇಳಲಿ?'

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು.
ಫ್ಯಾನು ತಿರುಗುತ್ತಿತ್ತು.
'ಗೊತ್ತಿಲ್ಲ ಆಂಟಿ' ಅಂದಳು.

ಆಮೇಲೆ ಡಾಕ್ಟರು ಮಾತಾಡಿದರು, ಟ್ರಸ್ಟಿನವರು ಮಾತಾಡಿದರು,
ಯಾರೋ ಯಾರ ಮೇಲೋ ಕೂಗಿದರು.
ನಾನು ಮನೆಗೆ ತಂದದ್ದು ಅದೊಂದೇ ಮಾತು.

ಈಗ ಹನ್ನೊಂದು ಅವಳಿಗೆ.
ಬೆಲ್ಟು ತಿರುಗಿದೊಡನೆ ಎರಡೂ ಕೈ ಬೀಸುತ್ತಾಳೆ,
ಹಿಟ್ಟಿನ ಮಬ್ಬಿನಲ್ಲಿ, ಕತ್ತು ಮೇಲೆತ್ತಿ.
ಗೋಧಿ ಬುಟ್ಟಿ ಇಳಿಸಿದವರು 'ಪಾಪ' ಅನ್ನುತ್ತಾರೆ.
ನುಣ್ಣಗೋ ತರಿಯೋ, ಅಂತ ಕೇಳುತ್ತೇನೆ ನಾನು.

ನಿನ್ನೆ ಸಂಜೆ ಕರೆಂಟು ಹೋಯಿತು.
ಕಲ್ಲು ನಿಧಾನಕ್ಕೆ ನಿಂತಿತು.
ಅವಳು ಎದ್ದು ಬಂದು ನನ್ನ ಕೈ ಹಿಡಿದು
ಗಿರಣಿಯ ಹೊಟ್ಟೆಯ ಮೇಲಿಟ್ಟಳು.
ಶುರು ಮಾಡು ಅಂತಲೋ,
ಇನ್ನೂ ಬಿಸಿ ಇದೆ ನೋಡು ಅಂತಲೋ.
ಗೊತ್ತಿಲ್ಲ.
ಕರೆಂಟು ಬರುವವರೆಗೂ
ಕೈ ತೆಗೆಯಲಿಲ್ಲ.