ಬಾಬ್ತು ಹದಿಮೂರು

ತರಬೇತಿಗೆಂದು ಹೊಸನಗರಕ್ಕೆ ಹೋದ ದಿನ
ಒಂದು ಚೀಲ ಕೊಟ್ಟರು, ಒಂದು ಪೆನ್ನು,
ನೀಲಿ ರಟ್ಟಿನ ತೆಳ್ಳನೆ ಪುಸ್ತಕ.
ರಾತ್ರಿ ಒಲೆ ಮುಂದೆ ಅಪ್ಪನಿಗೆ ಓದಿದೆ:
ಹನ್ನೊಂದನೇ ಅನುಸೂಚಿ, ಬಾಬ್ತು ಹದಿಮೂರು,
ರಸ್ತೆ, ಮೋರಿ, ಸೇತುವೆ, ಕಡವು, ಜಲಮಾರ್ಗ.
ಅಪ್ಪನ ಕಿವಿ ಮಂದ.
"ಕಡವೆಗೂ ಕಾನೂನು ಬರೆದಿದಾರಾ?" ಅಂದ.
ನಕ್ಕೆ. ಕಡವೆ ಅಲ್ಲಪ್ಪ, ಕಡವು. ಹೊಳೆ ದಾಟೋ ಜಾಗ.
"ಅದಕ್ಕೆ ನಾನಿದ್ದೆನಲ್ಲ."

ಇದ್ದ, ನಿಜ.
ನಲವತ್ತು ವರ್ಷ, ಮೃಗಶಿರ ಮಳೆ ಹಿಡಿಯುವ ಮೊದಲು
ಬಗನಿ ಮರ ಸೀಳಿ, ಬಳ್ಳಿ ಕೊಯ್ದು
ಕೊಪ್ಪರಿಗೆ ಹಳ್ಳಕ್ಕೆ ಸಂಕ ಕಟ್ಟಿದವನು, ಸಂಕದ ಬೂದ್ಯ.
ಕೂಲಿ: ಪಟೇಲರ ಹಿತ್ತಿಲಲ್ಲಿ ಒಂದೂಟ, ಎರಡು ಸೇರು ಅಕ್ಕಿ,
ಮತ್ತೆ, ತಾನು ಕಟ್ಟಿದ ಸಂಕವನ್ನು
ಎಲ್ಲರೂ ದಾಟಿದ ಮೇಲೆ ದಾಟುವ ಹಕ್ಕು.

ಗ್ರಾಮಸಭೆಗೆ ಮೊದಲ ಸಲ ಕೋರಂ ಇಲ್ಲ.
ಎರಡನೇ ಸಲ ನೋಡಲ್ ಅಧಿಕಾರಿ ಇಲ್ಲ.
ಮೂರನೇ ಸಲ ಎಲ್ಲ ಇತ್ತು, ಮೈಕಿಗೆ ಕರೆಂಟಿಲ್ಲ.
ಕೂಗಿಯೇ ಹೇಳಿದೆ: ಬಾಬ್ತು ಹದಿಮೂರು!
ಪಟೇಲರ ಮೊಮ್ಮಗ ಫೋನಿನಿಂದ ತಲೆಯೆತ್ತಿ "ಅದೆಂತದು?" ಅಂದ.
ಪಿಡಿಒ ಬರೆದುಕೊಂಡರು,
'ಸದಸ್ಯೆ ನೇತ್ರಾವತಿ ಪ್ರಸ್ತಾಪಿಸಿದ ಮೇರೆಗೆ ಸರ್ವಾನುಮತದಿಂದ...'
ನಡಾವಳಿ ಪುಸ್ತಕದಲ್ಲಿ ನನ್ನ ಹೆಸರು ಈಗಲೂ ಇದೆ,
ಚಹಾ ಲೋಟ ಇಟ್ಟ ಉಂಗುರದೊಳಗೆ, ಕೊಂಚ ಕದಡಿ.

ನಾಲ್ಕು ವರ್ಷಕ್ಕೆ ಸೇತುವೆ ಬಂತು.
ಸುಳ್ಳಲ್ಲ. ಎರಡು ಕಂಬ, ಮೇಲೆ ಕಾಂಕ್ರೀಟು, ಕಬ್ಬಿಣದ ಕಂಬಿ,
ನಾಮಫಲಕದಲ್ಲಿ ಹನ್ನೊಂದು ಹೆಸರು.
ಆದರೆ ನೆಲದಿಂದ ಆಳೆತ್ತರ ಮೇಲೆ.
ಆಚೆ ದಡ ಅಭಯಾರಣ್ಯ. ಏರಿಗೆ ಮಣ್ಣು ಹಾಕಲು
ಬೇರೆ ಇಲಾಖೆ, ಬೇರೆ ಪುಸ್ತಕ.
ಗಾರ್ಡ್ ಬಂದು ಜೆಸಿಬಿ ನಿಲ್ಲಿಸಿದ:
"ಕಡವೆ ಓಡಾಡೋ ಜಾಗ ಅಕ್ಕಾ, ಕಾನೂನಿದೆ."
ಅಪ್ಪ ಅಲ್ಲೇ ಕಲ್ಲಿನ ಮೇಲೆ ಕೂತಿದ್ದ.
ನನ್ನ ಮುಖ ನೋಡಲಿಲ್ಲ.

ನನ್ನ ಅವಧಿ ಇನ್ನೆಂಟು ತಿಂಗಳು.
ಮುಂದಿನ ಸಲ ಮೀಸಲು ಬೇರೆ ವಾರ್ಡಿಗಂತೆ.

ಮೊನ್ನೆ ಬೆಳಗಿಗೇ ಕತ್ತಿ ಮಸೆಯುವ ಸದ್ದು.
ಈ ಸಲ ಸಂಕ ಅಲ್ಲ, ಸೇತುವೆ ಹತ್ತಲು ಏಣಿ.
ಬಗನಿ ಎರಡು, ಮೆಟ್ಟಿಲು ಒಂಬತ್ತು, ಅದೇ ಹಳೇ ಗಂಟು.
ಕಟ್ಟಿ ಮುಗಿಸಿ, ಯಾರನ್ನೂ ಕಾಯದೆ
ಮೊದಲು ತಾನೇ ಹತ್ತಿದ.
ಮೇಲೆ ನಿಂತು ಕಂಬಿ ಅಲ್ಲಾಡಿಸಿ ನೋಡಿ, ಕೂಗಿದ:
"ಕೂಲಿ ಬರೆಸ್ಕೋ ಮಾರಾಯ್ತಿ,
ಯಾವ ಬಾಬ್ತೋ ನಂಗೊತ್ತಿಲ್ಲ."