ಬಣ್ಣ ಕೇಳಬೇಡ

ಕುರ್ಚಿ ಎದುರಿಗಿಡಬೇಡ, ಓರೆಗಿಡು.
ಕಾಫಿ ಆರಿದರೆ ಆರಲಿ.
ರೆಕಾರ್ಡರಿನ ದೀಪವೊಂದು ಮಿಟುಕದೆ ಕೂತಿರಲಿ.
ಹೊಸ ಹುಡುಗಿ ಸಿಗ್ನೆಗೆ ನಾನು ಹೇಳಿದ್ದು ಇಷ್ಟೇ,
ಕ್ರಿಸ್ತಿಯಾನ್‌ಸುಂಡ್ ಠಾಣೆಯ ಎರಡನೇ ಮಹಡಿಯಲ್ಲಿ,
ಮೂರೂವರೆಗೇ ಕತ್ತಲಿಳಿವ ನವೆಂಬರಿನಲ್ಲಿ.

ಒಟ್ಟಾರ್ ಬಂದ. ಮೀನುಬಲೆ ಹೆಣೆಯುವವನು.
ಉಗುರಿನ ಸಂದಿಯಲ್ಲಿ ಡಾಂಬರಿನ ಕಪ್ಪು.
"ದೋಣಿಕಟ್ಟೆಯ ಮೇಲೆ ಒಬ್ಬ ಇನ್ನೊಬ್ಬನ್ನ ನೂಕಿದ.
ಅಷ್ಟೇ ಕಂಡದ್ದು," ಅಂದ,
ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟ.

ಅಷ್ಟೇ ಅಂದಲ್ಲಿಂದಲೇ ಶುರು ನಮ್ಮ ಕೆಲಸ.

ಬೇಕಾದರೆ ಕಣ್ಣು ಮುಚ್ಚಿಕೋ ಒಟ್ಟಾರ್.
ಆ ಹೊತ್ತಿಗೆ ಹೋಗು; ನೂಕಿದವನ ಹತ್ತಿರಕ್ಕಲ್ಲ,
ನಿನ್ನ ಹತ್ತಿರಕ್ಕೆ. ಎಲ್ಲಿ ಕೂತಿದ್ದೆ?
ಬೆಳಿಗ್ಗೆ ಏನು ತಿಂದಿದ್ದೆ?
ಗಾಳಿ ಯಾವ ಕಿವಿಗೆ ಬಡಿಯುತ್ತಿತ್ತು?

ಅವನು ಸುಮ್ಮನಾದ.
ಸಿಗ್ನೆ ಬಾಯಿ ತೆರೆದಳು;
ಮೇಜಿನಡಿ ಅವಳ ಪಾದ ಮೆಟ್ಟಿದೆ.
ಸುಮ್ಮನಿರುವುದೂ ಪ್ರಶ್ನೆಯೇ ಮಾರಾಯ್ತಿ,
ಕೊಂಕಿಲ್ಲದ ಪ್ರಶ್ನೆ.

ಎಡಗಿವಿ, ಅಂದ.
ಎಡಗಿವಿಗೆ ಗಾಳಿ. ಬಲಗೈಯಲ್ಲಿ ಮರದ ಸೂಜಿ.
ನೂಲು ಸಿಕ್ಕಾಯಿತು, ಹಲ್ಲಿಂದ ಕಚ್ಚಿದೆ. ತಲೆ ತಗ್ಗಿತ್ತು.
ತಲೆ ತಗ್ಗಿತ್ತು...
ಹಾಗಾದರೆ ನೂಕಿದ್ದು ನಾನು ನೋಡಲೇ ಇಲ್ಲ.
ಸದ್ದು ಕೇಳಿತು. ತಲೆಯೆತ್ತಿದರೆ ನೀರು,
ನೀರಿನಲ್ಲೊಂದು ಕೈ,
ಕಟ್ಟೆಯ ಮೇಲೊಬ್ಬ, ಚಾಚಿದ ತೋಳು.

ಚಾಚಿದ ತೋಳು.
ನೂಕಿ ಮುಗಿಸಿದ್ದೋ, ಹಿಡಿಯಹೋಗಿ ತಪ್ಪಿದ್ದೋ?
ಕೇಳಲಿಲ್ಲ ನಾನು. ನಾಲಿಗೆಯ ತುದಿಗೆ ಬಂದಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಹೀಗೇ ಒಬ್ಬಳನ್ನು ಕೇಳಿದ್ದೆ:
"ಹಸಿರು ಜಾಕೆಟ್ಟಿನವನು ತಾನೇ?"
ಅವಳು ಹಸಿರು ಕಂಡಿರಲಿಲ್ಲ. ನಾನಂದ ಮೇಲೆ ಕಂಡಳು.
ಕೋರ್ಟಿಗೆ ಹೋಗುವಷ್ಟರಲ್ಲಿ ಅದು ಕಡುಹಸಿರಾಗಿತ್ತು,
ಜೇಬಿಗೊಂದು ಜಿಪ್ಪೂ ಬಂದಿತ್ತು.
ಐವಿಂದ್ ಎಂಬಾತ ಹದಿನಾಲ್ಕು ತಿಂಗಳು ಒಳಗಿದ್ದ.
ಸುಳ್ಳಾಡಿದವರು ಯಾರೂ ಇಲ್ಲ.
ಅವಳು ಆಣೆ ಮಾಡಿಯೇ ಹೇಳಿದ್ದಳು.

ಕಣ್ಣಾರೆ ಕಂಡರೂ ಪರಾಂಬರಿಸು ಅನ್ನುತ್ತಾರೆ.
ಕೇಳುವ ಬಾಯಿಯನ್ನು
ಪರಾಂಬರಿಸುವವರು ಯಾರು?

ಈಗ ಕೊನೆಯಿಂದ ಹೇಳು, ಅಂದೆ,
ಆಂಬುಲೆನ್ಸಿನಿಂದ ಸೂಜಿಯವರೆಗೆ.
ಅವನು ಗಂಟು ಗಂಟಾಗಿ ಹಿಂದಕ್ಕೆ ಸರಿದ:
ಸೈರನ್ನು, ಕಂಬಳಿ, ಮೊಣಕಾಲೂರಿ ಕೂಗುವವನು,
ತೋಳು, ಕೈ, ನೀರು, ಸದ್ದು.
ಸದ್ದಿಗೂ ಸೂಜಿಗೂ ನಡುವೆ ಒಂದು ತೂತು.
ಅಲ್ಲಿ ಅವನ ಬೆರಳು ತಾವಾಗಿ ಆಡಿದವು,
ಐವತ್ತು ವರ್ಷದ ಚಾಳಿ,
ತೂತು ಕಂಡರೆ ಹೆಣೆಯಬೇಕು.

ಬೇಡ, ಅಂದೆ. ಇದೊಂದನ್ನು ಹಾಗೇ ಬಿಡು.
ಗೊತ್ತಿಲ್ಲ ಅನ್ನುವುದೂ ಸಾಕ್ಷಿಯೇ.

"ಗೊತ್ತಿಲ್ಲ," ಅಂದ. ಬೆರಳು ನಿಂತವು.
ಸಿಗ್ನೆ ಬರೆದುಕೊಂಡಳು,
ದುಂಡಗೆ, ಶಾಲೆಯ ಹುಡುಗಿಯ ಹಾಗೆ.

ಮೆಟ್ಟಿಲ ತನಕ ಹೋದವನು ತಿರುಗಿ ಬಂದ,
ಟೊಪ್ಪಿ ಕೈಯಲ್ಲೇ ಇತ್ತು:
"ಬೆಳಿಗ್ಗೆ ತಿಂದದ್ದು ಕೇಳಿದಿರಲ್ಲ.
ಬ್ರೆಡ್ಡು. ಕಂದು ಚೀಸು. ಎರಡು ತುಂಡು."

ಅದನ್ನೂ ಬರಕೋ, ಅಂದೆ.