ಒಳಗಿನ ಹೊಲಿಗೆ

ನ್ಯೂಫೌಂಡ್‌ಲ್ಯಾಂಡಿನ ಈ ಮೂಲೆಯಲ್ಲಿ
ಗಂಡನಿಗೆ ಅಂಗಿ ಹೊಲಿಯುವುದೆಂದರೆ ಇದು:
ಹಿಟ್ಟಿನ ಚೀಲ ಬಿಚ್ಚಿ, ಒಗೆದು, ಕತ್ತರಿಸಿ,
ಹೊಲಿದು, ಅಗಸೆ ಎಣ್ಣೆ ಬಳಿದು,
ಅಟ್ಟದ ಹಗ್ಗಕ್ಕೆ ಒಂದು ವಾರ.
ಮತ್ತೆ ಎಣ್ಣೆ. ಮತ್ತೆ ವಾರ.
ಮೂರನೆಯ ಕೈ ಒಣಗುವಷ್ಟರಲ್ಲಿ
ಅಂಗಿ ತಾನೇ ನಿಂತುಕೊಳ್ಳುತ್ತದೆ,
ಒಳಗೆ ಆಳಿಲ್ಲದೆಯೂ, ಎರಡು ತೋಳು ಚಾಚಿ.
ಮಕ್ಕಳು ಹೆದರಿ ಅಟ್ಟ ಹತ್ತುವುದಿಲ್ಲ.

ನನ್ನ ಹೊಲಿಗೆಗೆ ಊರಲ್ಲಿ ಹೆಸರು.
ಡ್ರೂಸಿಲ್ಲಾಳ ಅಂಗಿಯೊಳಗೆ ಹನಿ ಇಳಿಯದು, ಅನ್ನುತ್ತಾರೆ.
ನಿಜ, ಇಳಿಯಲಿಲ್ಲ.
ಆದರೆ ಜೂನ್ ಮುಗಿಯುವ ಹೊತ್ತಿಗೆ
ಆಂಬ್ರೋಸನ ಮಣಿಕಟ್ಟಿನ ಸುತ್ತ ಕೆಂಪು ಬಳೆ,
ಆಮೇಲೆ ಬಳೆಯ ತುಂಬ ಗುಳ್ಳೆ.
ನೀರಿನ ಮರಿಗಳು ಅಂತ ಇಲ್ಲಿ ಅವಕ್ಕೆ ಹೆಸರು,
ನಾಯಿಮರಿ ಅಂದ ಹಾಗೆ, ಮುದ್ದಿನಿಂದ.
ಕಚ್ಚುವುದನ್ನು ಕಲಿತೇ ಹುಟ್ಟಿದ ಮರಿಗಳು.

ಗಾಯದ ಮೇಲೆ ಉಪ್ಪು ಸವರುವುದು ಅಂತ
ಜನ ಮಾತಿಗೆ ಅನ್ನುತ್ತಾರೆ.
ಇವನಿಗೆ ಅದು ಕಸುಬು.
ಮೂರು ಗಂಟೆಯ ಕತ್ತಲಲ್ಲಿ ದೋಣಿ ನೂಕಿದರೆ
ಹಗ್ಗ ಎಳೆದಷ್ಟು ಸಲ ತೋಳಿನ ಅಂಚು
ಹಿಂದೆ, ಮುಂದೆ, ಹಿಂದೆ,
ಒಂದೊಂದು ಮೀನಿಗೂ ಒಂದೊಂದು ಗರಗಸದ ಎಳೆತ.

ಟ್ರೈಫೀನಾ ಅತ್ತೆ ಹೇಳಿದಳು: ರೊಟ್ಟಿ ಬಿಸಿನೀರಲ್ಲಿ ನೆನೆಸಿ ಕಟ್ಟು.
ಕಟ್ಟಿದೆ. ಆ ವಾರ ರೊಟ್ಟಿ ಕಮ್ಮಿಯಿತ್ತು;
ಚಿಕ್ಕವನು ಅಪ್ಪನ ಕೈ ನೋಡಿ ಕೇಳಿದ,
ಆಮೇಲೆ ಅದನ್ನು ತಿನ್ನಬಹುದಾ?
ಫರ್ ಮರದ ತೊಗಟೆಯ ಬೊಬ್ಬೆ ಒಡೆದು ಅಂಟು ಸವರಿದೆ,
ಬೊಬ್ಬೆಗೆ ಬೊಬ್ಬೆಯೇ ಮದ್ದು ಅಂತ.
ಹಿಸ್ಕಾಕ್ ಸಾಹುಕಾರನ ಅಂಗಡಿಯಿಂದ
ಹಿತ್ತಾಳೆ ಸರಪಳಿ ಎರಡು, ಸಾಲದ ಪುಸ್ತಕದ ಮೇಲೆ.
ಮಣಿಕಟ್ಟಿಗೆ ಸುತ್ತಿಕೊಂಡರೆ ಅಂಚು ಅದರ ಮೇಲೆ ಜಾರುತ್ತದೆ,
ಚರ್ಮದ ಮೇಲಲ್ಲ.
ಜಾರಿತು, ಒಂದಿಷ್ಟು ದಿನ.
ರಾತ್ರಿ ನನ್ನ ಕುತ್ತಿಗೆಗೆ ತಣ್ಣಗೆ ತಾಗುತ್ತಿತ್ತು,
ಬೆಳಿಗ್ಗೆ ದಿಂಬಿನ ಮೇಲೆ ಹಸಿರು ಗೆರೆ.

ಅವನು ಏನೂ ಅನ್ನಲಿಲ್ಲ.
ಅಂಗಿ ಚೆನ್ನಾಗಿದೆ, ಅಂದ. ಬೆಚ್ಚಗಿದೆ, ಅಂದ.
ಚಮಚ ಹಿಡಿಯಲು ಎರಡೂ ಕೈ ಬೇಕಾದ ರಾತ್ರಿಯೂ.

ಜುಲೈಯ ಒಂದು ಮಂಗಳವಾರ ಬೆರಳು ಮಡಚಲಿಲ್ಲ.
ಮೀನು ದಂಡೆಗೆ ಬಂದಿತ್ತು; ಮೀನು ಕಾಯುವುದಿಲ್ಲ.
ಅವನ ಅಂಗಿ ನಾನು ತೊಟ್ಟೆ.
ಮೈದುನ ಇಲೈ ಏನೋ ಹೇಳಲು ಬಾಯಿ ತೆರೆದವನು
ಸುಮ್ಮನೆ ಹುಟ್ಟು ಕೈಗೆ ಕೊಟ್ಟ.

ಒಂಬತ್ತು ಗಂಟೆಗೆಲ್ಲ ಗೊತ್ತಾಯಿತು.
ಎಣ್ಣೆಯೊಂದೇ ಅಲ್ಲ. ಉಪ್ಪೊಂದೇ ಅಲ್ಲ.
ನನ್ನದೇ ಮಡಿಕೆ.
ಅಂಚನ್ನು ಎರಡು ಸಲ ಒಳಕ್ಕೆ ಮಡಚಿ ಹೊಲಿದಿದ್ದೆ,
ಹೊರಗಿಂದ ಒಂದು ನೂಲೂ ಕಾಣದ ಹಾಗೆ.
ನೋಡುವವರಿಗೆ ನುಣುಪು;
ಒಳಗೆ, ಎಣ್ಣೆ ಕುಡಿದು ಕಲ್ಲಾದ ಗಂಟುಗಳ ಸಾಲು,
ಒಂದೊಂದರ ದಾರವನ್ನೂ ನಾನೇ
ಹಲ್ಲಲ್ಲಿ ಕಡಿದದ್ದು.
ಏಳು ವರ್ಷ, ಏಳು ಅಂಗಿ.
ಊರವರು ಹೊಗಳಿದಾಗಲೆಲ್ಲ
ನಾನು ತೋರಿಸಿದ್ದು ಹೊರಮೈ.

ಮನೆಗೆ ಬಂದು ದೀಪ ಹಚ್ಚಿ ಬಿಚ್ಚಲು ಕೂತೆ.
ಸೂಜಿ ಹೋಗದ ಕಡೆ ಮೀನಿನ ಚೂರಿ.
ಮಗಳ ಹಳೆಯ ಫ್ಲಾನೆಲ್ ಲಂಗ ಹರಿದು ಪಟ್ಟಿ ಕೊಟ್ಟು
ಮಡಿಕೆಯನ್ನು ಹೊರಕ್ಕೆ ತಿರುಗಿಸಿದೆ.
ಗಂಟೆಲ್ಲ ಈಗ ಬಯಲಿಗೆ.
ಡ್ರೂಸಿಲ್ಲಾಳಿಗೆ ಕಣ್ಣು ಮಂಜಾಯಿತು
ಅಂತಾರೆ ಭಾನುವಾರ, ಚರ್ಚಿನ ಮೆಟ್ಟಿಲಲ್ಲಿ.
ಅನ್ನಲಿ.

ಆಂಬ್ರೋಸ್ ಎದುರಿಗೆ ಕೂತು ನೋಡುತ್ತಿದ್ದ.
ಕ್ಷಮಿಸು ಅನ್ನಬೇಕಿತ್ತೇನೋ; ಬಾಯಿಯ ತುಂಬ ದಾರ.
ಅವನು ಹಲ್ಲಿನಿಂದ ಒಂದು ಸರಪಳಿಯ ಕೊಂಡಿ ಬಿಡಿಸಿ
ಮೇಜಿನ ಮೇಲೆ ನನ್ನತ್ತ ತಳ್ಳಿದ.
ನಾಳೆಗೂ ಅವನ ಬೆರಳು ಮಡಚುವುದಿಲ್ಲ.

ಚಿಕ್ಕವನು ತನ್ನ ಪಾಲಿನ ರೊಟ್ಟಿ ಹಿಡಿದು ಬಂದ.
ದೀಪದ ಕೆಳಗೆ ನಾಲ್ಕು ಮಣಿಕಟ್ಟು.
ಒಂದು ಸಲ ಅಪ್ಪನ ಕೈ ನೋಡಿದ, ಒಂದು ಸಲ ನನ್ನದು,
ಆಮೇಲೆ ಒಂದು ಚೂರು ತಾನು ಕಚ್ಚಿಕೊಂಡು
ಉಳಿದದ್ದನ್ನು ಮುರಿಯತೊಡಗಿದ.